ಮಂಡಿ ಪ್ಯಾಡಿಗೆ ಕಾಲು ಒಗ್ಗಿದ ಬಗೆ

ಬೆಟ್ಟದ ಸೈಕಲ್ ಸವಾರಿಗೆ ಹೊರಟವರಿಗೆ ಹೆಲ್ಮೆಟ್ ಹಾಕಿಕೊಳ್ಳಿ ಎಂದು ಯಾರೂ ಎರಡನೆಯ ಸಲ ಹೇಳಬೇಕಾಗಿಲ್ಲ. ಮಂಡಿ ಪ್ಯಾಡಿನ ವಿಷಯ ಹಾಗಲ್ಲ. ಕೊಂಡವರಲ್ಲಿ ಅನೇಕರು ಅದನ್ನು ಕೆಲವು ಸಲ ಹಾಕಿಕೊಂಡು, ಸೆಕೆ, ಜಾರಾಟ, ಮಂಡಿಯ ಹಿಂದಿನ ಉರಿ ಇವುಗಳಿಂದ ಬೇಸತ್ತು, ಕೊನೆಗೆ ಬೀರುವಿನ ಕೆಳಗಿನ ಅರೆಗೆ ಸೇರಿಸಿಬಿಡುತ್ತಾರೆ. ಒಗ್ಗಿಕೊಳ್ಳುವುದೆಂದರೆ ಹಲ್ಲು ಕಚ್ಚಿ ಸಹಿಸುವುದು ಎಂದು ಅವರಿಗೆ ಯಾರೋ ಹೇಳಿರುತ್ತಾರೆ. ನನ್ನ ಅನುಭವದಲ್ಲಿ ಸಹಿಸಬೇಕಾದದ್ದು ಬಹಳ ಕಡಿಮೆ. ಒಂದೊಂದು ತೊಂದರೆಗೂ ಅದರದೇ ಆದ ಕಾರಣವಿತ್ತು, ಕಾರಣ ತಿಳಿದ ಮೇಲೆ ಹೆಚ್ಚಿನವು ಸರಿಹೋದವು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸವಾರಿ ಮಾಡುವುದು ಹೆಚ್ಚಾಗಿ ದೇವನಹಳ್ಳಿ ತಾಲ್ಲೂಕಿನ ಅವತಿಯ ಸುತ್ತಮುತ್ತ ಮತ್ತು ನಂದಿ ಬೆಟ್ಟದ ತಪ್ಪಲಿನಲ್ಲಿ. ದ್ರಾಕ್ಷಿ ತೋಟ, ರಾಗಿ ಹೊಲ, ನೀಲಗಿರಿ ತೋಪುಗಳನ್ನು ದಾಟಿದ ಮೇಲೆ ದಾರಿ ಬಂಡೆಗಳ ನಡುವೆ ಏರುತ್ತದೆ, ಮತ್ತೆ ಗರಸಿನ ಇಳಿಜಾರಿನಲ್ಲಿ ಕೆಳಗೆ ಬರುತ್ತದೆ. ಈ ಗರಸು ನಮ್ಮ ಸೀಮೆಯ ಗ್ರಾನೈಟ್ ಮತ್ತು ನೈಸ್ ಎಂಬ ಜಾತಿಯ ಬಂಡೆಗಳು ಶಿಥಿಲವಾಗಿ ಉದುರಿದ ಪುಡಿ. ಬಂಡೆಯಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಕಾಲಾಂತರದಲ್ಲಿ ಜೇಡಿಯಾಗಿ ಮೆತ್ತಗಾದರೂ ಬೆಣಚಿನ ಹರಳುಗಳು ಗಟ್ಟಿಯಾಗಿ, ಚೂಪಾಗಿಯೇ ಉಳಿಯುತ್ತವೆ. ಗಟ್ಟಿ ನೆಲದ ಮೇಲೆ ಹರಡಿಕೊಂಡ ಆ ಹರಳುಗಳ ಮೇಲೆ ಚಕ್ರ ಜಾರುವುದೂ ಸುಲಭ, ಬಿದ್ದಾಗ ಅವು ಚರ್ಮದೊಳಗೆ ಹೋಗುವುದೂ ಸುಲಭ. ನಮ್ಮ ಗುಂಪಿನ ಒಬ್ಬರು ಹಾಗೆ ಬಿದ್ದಾಗ ಅವರ ಮಂಡಿಯಿಂದ ಹರಳುಗಳನ್ನು ನೀರು ಹಾಕಿ ತೊಳೆದು ತೆಗೆಯುವುದಕ್ಕೆ ನಾನೂ ಕೈ ಜೋಡಿಸಿದ್ದೆ. ಗಾಯ ಮಾಗಿದ ಮೇಲೂ ಬಹಳ ದಿನ ಅವರಿಗೆ ಚಕ್ಕಳಮಕ್ಕಳ ಹಾಕಿ ಕೂರಲಾಗಲಿಲ್ಲ. ನೆಲದ ಮೇಲೆ ಕೂತು ಊಟ ಮಾಡುವ, ಬಗ್ಗಿ ರಂಗೋಲಿ ಹಾಕುವ ಮನೆಯಲ್ಲಿ ಮಂಡಿಯ ಗಾಯ ಇಡೀ ದಿನಚರಿಯನ್ನೇ ಕೆಡಿಸುತ್ತದೆ. ಮಂಡಿಚಿಪ್ಪಿನ ಮೇಲೆ ತೊಡೆಯಲ್ಲಿರುವಂತೆ ಮಾಂಸದ ಪದರವಿಲ್ಲ. ತೆಳುವಾದ ಚರ್ಮ, ಅದರಡಿಯಲ್ಲಿ ದ್ರವ ತುಂಬಿದ ಒಂದು ಚಿಕ್ಕ ಚೀಲ, ಅದರ ಕೆಳಗೆ ಎಲುಬು, ಅಷ್ಟೇ. ಪೆಟ್ಟು ಬಿದ್ದರೆ ಆ ಚೀಲವೇ ಊದಿಕೊಂಡು ಮಂಡಿಯನ್ನು ಮಡಿಸಲಾಗದಂತೆ ಮಾಡಬಲ್ಲದು.

ದಪ್ಪನೆಯ ಜೀನ್ಸ್ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ರಿಪ್ಯಾಕ್ ಎಂಬ ಇಳಿಜಾರು ಪಂದ್ಯಗಳನ್ನು ಶುರುಮಾಡಿದವರು ಜೀನ್ಸ್, ಬೂಟು ಮತ್ತು ಕೆಲಸದ ಕೈಗವಸು ತೊಟ್ಟೇ ಇಳಿಯುತ್ತಿದ್ದರು ಎನ್ನುವುದು ನಿಜ. ಬಟ್ಟೆ ತರಚುವುದನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಆದರೆ ಕಲ್ಲಿಗೆ ಬಡಿದ ಪೆಟ್ಟಿನ ಬಲವನ್ನು ಹಂಚುವುದಿಲ್ಲ. ಪ್ಯಾಡಿನ ಕೆಲಸ ಮುಖ್ಯವಾಗಿ ಆ ಎರಡನೆಯದು.

ಕೊಳ್ಳುವ ಮೊದಲು ನಾನು ಓದಿ ತಿಳಿದುಕೊಂಡದ್ದರಲ್ಲಿ ಬಹಳ ಉಪಯೋಗಕ್ಕೆ ಬಂದದ್ದು ಇಎನ್ 1621-1 ಎಂಬ ಯುರೋಪಿನ ಮಾನದಂಡ. ಇದು ಮೂಲತಃ ಮೋಟಾರ್‌ಸೈಕಲ್ ಸವಾರರ ಕೈಕಾಲುಗಳ ರಕ್ಷಾ ಸಾಧನಗಳಿಗೆಂದು ಮಾಡಿದ್ದಾದರೂ ಬೆಟ್ಟದ ಸೈಕಲ್ಲಿನ ಪ್ಯಾಡುಗಳ ಒಳಚೀಟಿಯ ಮೇಲೂ ಸಾಮಾನ್ಯವಾಗಿ ಕಾಣಿಸುತ್ತದೆ. ಪರೀಕ್ಷೆಯಲ್ಲಿ 5 ಕಿಲೋ ತೂಕವನ್ನು 50 ಜೂಲ್ ಶಕ್ತಿಯಿಂದ, ಅಂದರೆ ಸುಮಾರು ಒಂದು ಮೀಟರ್ ಎತ್ತರದಿಂದ, ಪ್ಯಾಡಿನ ಮೇಲೆ ಬೀಳಿಸಿ ಅಡಿಯಲ್ಲಿ ಎಷ್ಟು ಬಲ ತಲುಪಿತು ಎಂದು ಅಳೆಯುತ್ತಾರೆ. ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಒಂದನೆಯ ಮಟ್ಟ, 20 ಕಿಲೋನ್ಯೂಟನ್ ಮೀರದಿದ್ದರೆ ಎರಡನೆಯ ಮಟ್ಟ. ಎರಡನೆಯ ಮಟ್ಟದ್ದೇ ಮೇಲು ಎಂದು ಮನಸ್ಸು ಹೇಳುವುದು ಸಹಜ. ಆದರೆ ಅದು ಸಾಮಾನ್ಯವಾಗಿ ಹೆಚ್ಚು ದಪ್ಪ, ಹೆಚ್ಚು ಸೆಕೆ. ಬೀರುವಿನಲ್ಲಿ ಉಳಿಯುವ ಎರಡನೆಯ ಮಟ್ಟಕ್ಕಿಂತ ಕಾಲಿನ ಮೇಲೆ ಉಳಿಯುವ ಒಂದನೆಯ ಮಟ್ಟ ಲೇಸು ಎಂದು ನಾನು ತೆಳುವಾದದ್ದನ್ನೇ ಆರಿಸಿಕೊಂಡೆ. ಹೊಸಬರಿಗೆ ಇಂದಿಗೂ ಅದನ್ನೇ ಹೇಳುತ್ತೇನೆ.

ಅಳತೆಯ ವಿಷಯದಲ್ಲಿ ಅವಸರ ಸಲ್ಲದು. ಅಂಗಿ ಕೊಳ್ಳುವಾಗ ಅಂದಾಜಿನ ಮೇಲೆ ಮಧ್ಯಮ, ದೊಡ್ಡದು ಎಂದು ತರುವಂತೆ ಇದನ್ನು ತರಲಾಗದು. ಮಂಡಿಚಿಪ್ಪಿನ ನಡುವಿನಿಂದ ಮೇಲಕ್ಕೆ ತಯಾರಕರು ಹೇಳಿದಷ್ಟು ದೂರದಲ್ಲಿ ತೊಡೆಯ ಸುತ್ತಳತೆ, ಕೆಳಕ್ಕೆ ಅಷ್ಟೇ ದೂರದಲ್ಲಿ ಮೀನಖಂಡದ ಸುತ್ತಳತೆ, ಇವೆರಡನ್ನೂ ನಿಂತುಕೊಂಡು, ಕಾಲನ್ನು ಬಿಗಿ ಹಿಡಿಯದೆ, ಟೈಲರ್ ಬಳಸುವ ಟೇಪಿನಿಂದ ತೆಗೆಯಬೇಕು. ಎಷ್ಟು ದೂರ ಎನ್ನುವುದು ಒಂದೊಂದು ಕಂಪನಿಗೆ ಒಂದೊಂದು ರೀತಿ, ಕೆಲವರು 10 ಸೆಂಟಿಮೀಟರ್ ಎನ್ನುತ್ತಾರೆ, ಕೆಲವರು 15. ನನ್ನ ತೊಡೆಯ ಅಳತೆ ಒಂದು ಸೈಜನ್ನು ತೋರಿಸಿದರೆ ಮೀನಖಂಡದ ಅಳತೆ ಅದಕ್ಕಿಂತ ಚಿಕ್ಕದನ್ನು ತೋರಿಸಿತು. ಹೆಂಗಸರಲ್ಲಿ ಹೀಗಾಗುವುದು ಅಪರೂಪವಲ್ಲ. ತೊಡೆಗೆ ಹೊಂದುವ ಸೈಜನ್ನೇ ತೆಗೆದುಕೊಂಡು, ಕೆಳಗಡೆ ವೆಲ್ಕ್ರೋ ಪಟ್ಟಿಯಿಂದ ಬಿಗಿ ಮಾಡಿಕೊಳ್ಳುವಂಥದನ್ನು ಆರಿಸಿದ್ದು ನನಗೆ ಸರಿಹೋಯಿತು.

ಮೊದಲು ನಾನು ಅದನ್ನು ಹಾಕಿಕೊಂಡದ್ದು ಮನೆಯಲ್ಲಿ. ಮೆಟ್ಟಿಲು ಹತ್ತಿಳಿದೆ, ಕುಕ್ಕರಗಾಲಲ್ಲಿ ಕೂತೆ, ರೆಡ್ ಆಕ್ಸೈಡ್ ನೆಲದ ಮೇಲೆ ಮಂಡಿಯೂರಿ ಸುತ್ತಾಡಿದೆ, ಬಾಲ್ಕನಿಯಲ್ಲಿ ಗಿಡಗಳಿಗೆ ಗೊಬ್ಬರ ಹಾಕುವಾಗಲೂ ಬಿಚ್ಚಲಿಲ್ಲ. ಅಮ್ಮ ನೋಡಿ, “ಏನಮ್ಮಾ, ನಿನಗೂ ಮಂಡಿ ನೋವು ಶುರುವಾಯ್ತಾ? ನನ್ನ ನೀ ಕ್ಯಾಪ್ ಕೊಡ್ತೀನಿ, ಅದೇ ಮೆತ್ತಗಿದೆ” ಎಂದರು. ಅವರ ನೀ ಕ್ಯಾಪ್ ಮೆಡಿಕಲ್ ಸ್ಟೋರಿನದು, ಸವೆದ ಕೀಲಿಗೆ ಒತ್ತಾಸೆಯಾಗಿ ಹಿಡಿದುಕೊಳ್ಳುವ ಎಲಾಸ್ಟಿಕ್ ಚೀಲ. ನನ್ನದು ಪೆಟ್ಟು ತಡೆಯುವುದಕ್ಕೆ ಎಂದು ಹೇಳಿ ಅವರ ಕೈಯಿಂದಲೇ ಪ್ಯಾಡಿನ ಮೇಲೆ ಗುದ್ದಿಸಿದೆ. ಮುಟ್ಟಿದಾಗ ಮೆತ್ತಗಿದ್ದದ್ದು ಗುದ್ದಿದಾಗ ಗಟ್ಟಿಯಾದದ್ದು ಕಂಡು ಅವರಿಗೆ ಆಶ್ಚರ್ಯವಾಯಿತು. ಈ ಗುಣದ ವಸ್ತುಗಳಲ್ಲಿ ಹೆಸರಾದದ್ದು ಬ್ರಿಟನ್ನಿನಲ್ಲಿ ರೂಪುಗೊಂಡ ಡಿತ್ರೀಓ. ಮೆಕ್ಕೆಜೋಳದ ಪಿಷ್ಟವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿದಾಗ ಬೆರಳು ನಿಧಾನವಾಗಿ ಇಳಿಸಿದರೆ ಇಳಿಯುತ್ತದೆ, ಹೊಡೆದರೆ ತಡೆಯುತ್ತದೆ. ಇದೂ ಅದೇ ಬಗೆಯ ನಡವಳಿಕೆ. ಮಂಡಿ ಮಡಿಸುವಾಗ ಬಾಗಿಕೊಡಬೇಕು, ಕಲ್ಲಿಗೆ ತಾಗಿದಾಗ ಬಿರುಸಾಗಬೇಕು ಎನ್ನುವ ಎರಡು ವಿರುದ್ಧ ಬೇಡಿಕೆಗಳನ್ನು ಒಂದೇ ವಸ್ತು ಪೂರೈಸುವುದರಿಂದಲೇ ಇಂದಿನ ಪ್ಯಾಡುಗಳನ್ನು ತೊಟ್ಟು ಪೆಡಲ್ ತುಳಿಯುವುದು ಸಾಧ್ಯವಾಗಿದೆ.

ಮನೆಯಲ್ಲಿ ಸುಖವಾಗಿದ್ದ ಪ್ಯಾಡು ಸೈಕಲ್ಲಿನ ಮೇಲೆ ಜಾರತೊಡಗಿತು. ನಡೆಯುವಾಗ ಮಂಡಿ ಅಷ್ಟೇನೂ ಮಡಿಯುವುದಿಲ್ಲ, ಆದರೆ ಪೆಡಲ್ ಮೇಲಕ್ಕೆ ಬಂದಾಗ ಅದು ಲಂಬಕೋನವನ್ನು ಮೀರಿ ಮಡಿಯುತ್ತದೆ. ನಿಮಿಷಕ್ಕೆ ಎಪ್ಪತ್ತು ಸುತ್ತಿನಂತೆ ಲೆಕ್ಕ ಹಾಕಿದರೆ ಒಂದು ಗಂಟೆಗೆ ಒಂದೊಂದು ಮಂಡಿಯೂ 4200 ಸಲ ಮಡಿಯುತ್ತದೆ. ಪ್ರತಿ ಸಲವೂ ಬಟ್ಟೆಯನ್ನು ಕೂದಲೆಳೆಯಷ್ಟು ಕೆಳಕ್ಕೆ ಎಳೆದರೂ ಸಾಕು, ಅವತಿಯ ಏರು ಮುಗಿಯುವಷ್ಟರಲ್ಲಿ ಪ್ಯಾಡು ಮಂಡಿಚಿಪ್ಪಿನಿಂದ ಇಳಿದು ಮಂಡಿಯ ಕೆಳಗಿನ ಮೂಳೆಯ ಮೇಲೆ ಕೂತಿರುತ್ತದೆ. ಬಿಗಿ ಮಾಡುವುದು ಇದಕ್ಕೆ ಪರಿಹಾರವಾಗಲಿಲ್ಲ. ಪರಿಹಾರ ಇದ್ದದ್ದು ಪ್ಯಾಡು ಚರ್ಮಕ್ಕೆ ನೇರವಾಗಿ ತಾಗುವುದರಲ್ಲಿ. ಮೇಲಂಚಿನ ಒಳಗಡೆ ಇರುವ ಸಿಲಿಕೋನ್ ಪಟ್ಟಿ ಚರ್ಮವನ್ನು ಹಿಡಿಯಲೆಂದೇ ಇರುವುದು, ಲೆಗ್ಗಿಂಗ್ಸ್ ಬಟ್ಟೆಯ ಮೇಲೆ ಅದಕ್ಕೆ ಹಿಡಿತ ಸಿಗುವುದಿಲ್ಲ. ಹಳ್ಳಿಗಳ ನಡುವೆ ಹಾದು ಹೋಗುವಾಗ ಕಾಲು ಬಿಟ್ಟುಕೊಂಡು ಸವಾರಿ ಮಾಡುವುದು ನನಗೆ ಇಷ್ಟವಿಲ್ಲ. ಆದ್ದರಿಂದ ಒಳಗೆ ಮಂಡಿಗಿಂತ ಮೇಲೆಯೇ ನಿಲ್ಲುವ ಚಡ್ಡಿ, ಅದರ ಕೆಳಗೆ ಬರಿಯ ಚರ್ಮದ ಮೇಲೆ ಪ್ಯಾಡು, ಇವೆರಡರ ಮೇಲೆ ಮಂಡಿಯ ಬಳಿ ಸಡಿಲವಾಗಿರುವ ಉದ್ದನೆಯ ಪ್ಯಾಂಟು ಎಂಬ ಕ್ರಮಕ್ಕೆ ಬಂದೆ. ಹೆಂಗಸರು ಪ್ಯಾಡು ಬಿಡುವುದಕ್ಕೆ ಹೇಳುವ ಕಾರಣಗಳಲ್ಲಿ ಉಡುಪಿನ ಈ ಮುಜುಗರವೂ ಒಂದು, ಅದಕ್ಕೆ ಇಷ್ಟು ಸುಲಭವಾದ ದಾರಿಯಿದೆ ಎಂದು ಅವರಿಗೆ ಮುಟ್ಟಿಸಬೇಕೆಂಬುದು ನನ್ನ ಆಸೆ.

ಸೀಟಿನ ಎತ್ತರವೂ ಇದರಲ್ಲಿ ಸೇರಿದೆ. ಇಳಿಜಾರಿಗೆಂದು ಸೀಟನ್ನು ಕೆಳಗಿಳಿಸಿ, ಮತ್ತೆ ಏರು ಬಂದಾಗ ಅದನ್ನು ಎತ್ತದೆ ತುಳಿದರೆ ಮಂಡಿ ಇನ್ನೂ ಹೆಚ್ಚು ಮಡಿಯುತ್ತದೆ, ಪ್ಯಾಡು ಇನ್ನೂ ಬೇಗ ಜಾರುತ್ತದೆ. ಸೀಟನ್ನು ಸರಿಯಾದ ಎತ್ತರಕ್ಕೆ ತಂದುಕೊಂಡರೆ ಮಂಡಿಗೂ ಸುಖ, ಪ್ಯಾಡೂ ನಿಲ್ಲುತ್ತದೆ. ಹಾಕಿಕೊಳ್ಳುವಾಗ ಕಾಲನ್ನು ನೇರವಾಗಿಡದೆ ಸ್ವಲ್ಪ ಮಡಿಸಿಕೊಂಡು, ಪ್ಯಾಡಿನ ಬಟ್ಟಲು ಚಿಪ್ಪಿನ ಮೇಲೆ ಕೂತಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿಕೊಳ್ಳುವುದು ಈಗ ಅಭ್ಯಾಸವಾಗಿದೆ.

ಇನ್ನು ಪಟ್ಟಿಯ ಬಿಗಿ. ಒಂದು ದಿನ ನಂದಿಯ ತಪ್ಪಲಿನಲ್ಲಿ ಸವಾರಿ ಮಾಡುವಾಗ ನನ್ನ ಎಡಪಾದದ ಮೇಲ್ಭಾಗ ಜುಮ್ಮೆನ್ನತೊಡಗಿತು. ಪರಿಚಯದ ಫಿಸಿಯೋಥೆರಪಿಸ್ಟ್ ಒಬ್ಬರು ಕಾರಣವನ್ನು ಬೆರಳಿಟ್ಟು ತೋರಿಸಿದರು. ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಕೈಗೆ ಗುಂಡಗೆ ಸಿಗುವ ಎಲುಬೊಂದಿದೆ; ಅದು ಫಿಬ್ಯುಲಾ ಮೂಳೆಯ ತಲೆ. ಅದರ ಕುತ್ತಿಗೆಯನ್ನು ಬಳಸಿಕೊಂಡು ಪಾದದ ಕಡೆಗೆ ಹೋಗುವ ನರ ಅಲ್ಲಿ ಬಹುತೇಕ ಚರ್ಮದ ಅಡಿಯಲ್ಲೇ ಇರುತ್ತದೆ. ಪಟ್ಟಿ ಅಲ್ಲಿ ಬಿಗಿಯಾಗಿ ಒತ್ತಿದರೆ ಮಂಡಿಯ ಕೆಳಗಿನ ಕಾಲಿನ ಹೊರಮಗ್ಗುಲು ಮತ್ತು ಪಾದದ ಮೇಲ್ಭಾಗ ಜುಮ್ಮೆನ್ನುತ್ತದೆ. ಪಟ್ಟಿಯನ್ನು ಮೀನಖಂಡದ ಕಡೆಗೆ ಸ್ವಲ್ಪ ಇಳಿಸಿ, ಅಡಿಯಲ್ಲಿ ಒಂದು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲಿಟ್ಟ ಮೇಲೆ ಆ ತೊಂದರೆ ಮರುಕಳಿಸಲಿಲ್ಲ. ಪ್ಯಾಡು ತೊಟ್ಟಾಗ ಪಾದ ಜುಮ್ಮೆಂದರೆ ಅದನ್ನು ಒಗ್ಗಿಕೊಳ್ಳುವ ಕಷ್ಟವೆಂದು ತಳ್ಳಿಹಾಕಬಾರದು. ತಕ್ಷಣ ನಿಂತು ಪಟ್ಟಿ ಸಡಿಲಿಸಬೇಕು, ಸಡಿಲಿಸಿದ ಮೇಲೂ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು.

ಎಲ್ಲಕ್ಕಿಂತ ಹೆಚ್ಚು ದಿನ ತೆಗೆದುಕೊಂಡದ್ದು ಮಂಡಿಯ ಹಿಂದಿನ ಉರಿ. ಕಾಲು ಮಡಿಸಿದಾಗ ಅಲ್ಲಿ ಬಟ್ಟೆ ಸುಕ್ಕುಗಟ್ಟುತ್ತದೆ, ಬೆವರು ನಿಲ್ಲುತ್ತದೆ, ಒಣಗಿದ ಬೆವರಿನ ಉಪ್ಪು ಮತ್ತು ಧೂಳು ಸೇರಿ ಚರ್ಮವನ್ನು ಉಜ್ಜುತ್ತವೆ. ಏಪ್ರಿಲ್ ತಿಂಗಳಲ್ಲಿ ಒಂಬತ್ತು ಗಂಟೆಯ ಬಿಸಿಲು ತಟ್ಟುವ ಹೊತ್ತಿಗೆ ಮಂಡಿಯ ಹಿಂದೆ ಕೆಂಪಾಗಿ, ಬೆವರುಸಾಲೆಯೂ ಏಳುತ್ತಿತ್ತು. ಅಮ್ಮ ಕೊಬ್ಬರಿ ಎಣ್ಣೆ ಹಚ್ಚು ಎಂದರು. ಸವಾರಿಗೆ ಮೊದಲು ಎಣ್ಣೆ ಹಚ್ಚಿದರೆ ಸಿಲಿಕೋನ್ ಪಟ್ಟಿಯ ಹಿಡಿತ ಹೋಗುತ್ತದೆ, ಆದ್ದರಿಂದ ಮನೆಗೆ ಬಂದು ಸ್ನಾನ ಮಾಡಿದ ಮೇಲೆ ಕೆಂಪಾದ ಜಾಗಕ್ಕೆ ಹಚ್ಚಿಕೊಳ್ಳುವುದನ್ನು ರೂಢಿಸಿಕೊಂಡೆ. ಬೆವರುಸಾಲೆ ಎದ್ದ ದಿನಗಳಲ್ಲಿ ಮಾತ್ರ ಎಣ್ಣೆ ಮುಟ್ಟದೆ ಚರ್ಮವನ್ನು ಒಣಗಿಸಿ ಗಾಳಿಗೆ ಬಿಟ್ಟೆ. ಹಿಂಭಾಗದಲ್ಲಿ ಬಟ್ಟೆಯ ಬದಲು ಜಾಲರಿ ಇರುವ, ಅಥವಾ ಮಡಿಕೆಯ ಜಾಗವನ್ನು ಪೂರ್ತಿ ತೆರವಾಗಿ ಬಿಟ್ಟಿರುವ ಪ್ಯಾಡು ನಮ್ಮ ಹವೆಗೆ ಹೊಂದುತ್ತದೆ. ನೀರಿನಾಳಕ್ಕೆ ಇಳಿಯುವವರ ಉಡುಪಿನ ಬಟ್ಟೆಯಂಥ ದಪ್ಪ ನಿಯೋಪ್ರೀನ್ ಸುತ್ತಿರುವುದು ಚಳಿದೇಶದವರಿಗೆ ಹಿತವಾಗಿರಬಹುದು, ನಮ್ಮ ಬೇಸಗೆಗೆ ಅಲ್ಲ. ಮಧ್ಯೆ ನಿಂತಾಗಲೆಲ್ಲ ಪ್ಯಾಡನ್ನು ಹಿಂದಿನಿಂದ ಸ್ವಲ್ಪ ಎಳೆದು ಗಾಳಿಯಾಡಿಸಿ, ಕರವಸ್ತ್ರದಿಂದ ಬೆವರು ಒರೆಸಿಕೊಳ್ಳುವುದು ಸಣ್ಣ ಕೆಲಸ, ಆದರೆ ಉರಿಯನ್ನು ಅರ್ಧಕ್ಕಿಳಿಸಿತು. ಉಳಿದರ್ಧ ಕಾಲ ಕಳೆದಂತೆ ಇಳಿಯಿತು. ಸಹನೆ ಎನ್ನುವುದು ಏನಾದರೂ ಬೇಕಾಗಿದ್ದರೆ ಅದು ಇಲ್ಲಿ ಮಾತ್ರ.

ಚಳಿಗಾಲದಲ್ಲಿ ತೊಂದರೆಯ ಸ್ವರೂಪವೇ ಬೇರೆ. ಪೆಟ್ಟಿಗೆ ಗಟ್ಟಿಯಾಗುವ ಈ ವಸ್ತುಗಳು ಥಂಡಿಗೂ ಬಿರುಸಾಗುತ್ತವೆ. ಡಿಸೆಂಬರಿನ ಬೆಳಗಿನ ಜಾವ ಕಾರಿನ ಡಿಕ್ಕಿಯಲ್ಲಿ ಇಟ್ಟು ತಂದ ಪ್ಯಾಡು ಮೊದಲ ಕೆಲವು ನಿಮಿಷ ಬಾಗಲೊಲ್ಲದು. ಮನೆಯಿಂದಲೇ ತೊಟ್ಟು ಹೊರಟರೆ ಮೈಯ ಬಿಸಿಗೆ ಅದು ಮೆತ್ತಗಾಗಿರುತ್ತದೆ.

ಏರು ಹತ್ತುವಾಗ ಪ್ಯಾಡನ್ನು ಕಣಕಾಲಿನವರೆಗೆ ಇಳಿಸಿಕೊಂಡು, ಇಳಿಜಾರಿಗೆ ಮೊದಲು ಮತ್ತೆ ಮೇಲಕ್ಕೆಳೆದುಕೊಳ್ಳುವ ಪದ್ಧತಿ ಅನೇಕರಲ್ಲಿದೆ. ಗುಂಪಿನ ಕಿರಿಯ ಹುಡುಗನೊಬ್ಬ ನನಗೂ ಅದನ್ನೇ ಸೂಚಿಸಿದ: “ಅಕ್ಕಾ, ಇಳಿಸ್ಕೊಳ್ಳಿ, ಮೇಲೆ ಹೋದ್ಮೇಲೆ ಹಾಕ್ಕೊಂಡ್ರೆ ಆಯ್ತು.” ಉದ್ದನೆಯ ಡಾಂಬರು ರಸ್ತೆಯ ಏರಾದರೆ ಅವನ ಮಾತಿಗೆ ನನ್ನ ಒಪ್ಪಿಗೆಯಿದೆ. ಕಲ್ಲುದಾರಿಯ ಏರಿನಲ್ಲಿ ಒಪ್ಪಿಗೆಯಿಲ್ಲ. ಕಡಿದಾದ ಜಾಗದಲ್ಲಿ ವೇಗ ಸತ್ತು, ಸೈಕಲ್ ನಿಂತು, ಪಕ್ಕಕ್ಕೆ ವಾಲಿ ಬೀಳುವಾಗ ನೆಲಕ್ಕೆ ಮೊದಲು ತಾಗುವುದು ಮಂಡಿಯೇ. ಚಕ್ರ ಕಲ್ಲಿಗೆ ಸಿಕ್ಕಿ ಹ್ಯಾಂಡಲ್ ತಿರುಗಿದಾಗ ಅದಕ್ಕೆ ಬಡಿಯುವುದೂ ಮಂಡಿಯೇ. ಅದಲ್ಲದೆ ಬೆವರಿದ ಕಾಲಿನ ಮೇಲೆ ಸಿಲಿಕೋನ್ ಪಟ್ಟಿಯನ್ನು ಮೇಲಕ್ಕೆಳೆಯುವುದು ಸುಲಭವಲ್ಲ. ನಾನು ಇಳಿಸುವುದಿಲ್ಲ, ಅದಕ್ಕೇ ಬಹುಶಃ ಬೇಗ ಒಗ್ಗಿತು.

ಇಳಿಜಾರಿನಲ್ಲಿ ಮೊದಮೊದಲು ಪ್ಯಾಡು ಸೈಕಲ್ಲಿನ ಚೌಕಟ್ಟಿಗೆ ತಟ್ಟುತ್ತಿತ್ತು. ಎರಡೂ ಪೆಡಲ್ ಸಮಮಟ್ಟದಲ್ಲಿಟ್ಟು, ಸೀಟಿನಿಂದ ಎದ್ದು, ಮಂಡಿಗಳನ್ನು ಸ್ವಲ್ಪ ಮಡಿಸಿ ನಿಲ್ಲುವ ಭಂಗಿಯಲ್ಲಿ ಪ್ಯಾಡಿನ ದಪ್ಪ ಕೂಡಿಕೊಂಡಾಗ ಮಂಡಿಗಳ ನಡುವಿನ ಜಾಗ ಕಿರಿದಾಗುತ್ತದೆ. ಕಾಲುಗಳು ತಾವಾಗಿಯೇ ಸ್ವಲ್ಪ ಅಗಲವಾದವು, ಹಾಗೆ ಅಗಲವಾದದ್ದು ತಿರುವುಗಳಲ್ಲಿ ಸೈಕಲ್ಲನ್ನು ನನ್ನ ಕೆಳಗೆ ವಾಲಿಸುವುದಕ್ಕೂ ಅನುಕೂಲವಾಯಿತು. ಈಗ ಕುಲುಕಾಟದ ಜಾಗದಲ್ಲಿ ಒಂದು ಮಂಡಿಯನ್ನು ಬೇಕೆಂದೇ ಚೌಕಟ್ಟಿಗೆ ಆನಿಸುತ್ತೇನೆ, ನೋವಾಗುವುದಿಲ್ಲ. ಒಳಮಗ್ಗುಲ ಬಟ್ಟೆ ಅಲ್ಲಿ ಮೊದಲು ಸವೆಯುತ್ತದೆ ಎನ್ನುವುದು ಮಾತ್ರ ನಿಜ.

ಒಗ್ಗಿದ ಮೇಲೆ ಅದರ ಕೆಲಸವನ್ನೂ ಕಂಡೆ. ಅವತಿಯ ಇಳಿಜಾರಿನ ತಿರುವೊಂದರಲ್ಲಿ ಮುಂದಿನ ಚಕ್ರ ಗರಸಿನ ಮೇಲೆ ಜಾರಿ ಬಲಗಡೆಗೆ ಬಿದ್ದೆ. ಅಂಗೈಯ ಬುಡ ತರಚಿತು, ಮೊಣಕೈ ಕೆಂಪಾಯಿತು. ಪ್ಯಾಂಟಿನ ಮಂಡಿ ಹರಿದು, ಒಳಗಿನ ಪ್ಯಾಡಿನ ಬಟ್ಟೆಯಲ್ಲಿ ಹರಳು ಗೀಚಿದ ಗೆರೆಗಳಿದ್ದವು. ಮಂಡಿಗೆ ಏನೂ ಆಗಿರಲಿಲ್ಲ, ಅಂದು ಮಧ್ಯಾಹ್ನ ಎಂದಿನಂತೆ ನೆಲದ ಮೇಲೆ ಕೂತು ಊಟ ಮಾಡಿದೆ. ಆದರೆ ಪ್ಯಾಡಿನಿಂದ ಆಗದ್ದನ್ನೂ ಹೇಳಬೇಕು. ಕಾಲು ತಿರುಚಿಕೊಂಡಾಗ ಮಂಡಿಯೊಳಗೆ ಎಲುಬುಗಳನ್ನು ಹಿಡಿದಿಡುವ ಅಸ್ಥಿರಜ್ಜುಗಳು ಹರಿಯುವುದನ್ನು ಅದು ತಡೆಯಲಾರದು. ಪೆಟ್ಟು ಮತ್ತು ತರಚು ಇವೆರಡೇ ಅದರ ಬಾಬತ್ತು. ಪ್ಯಾಡಿದೆ ಎಂದು ತನಗೆ ಮೀರಿದ ಬಂಡೆಯ ಮೇಲಿಂದ ಇಳಿಯಲು ಹೋಗುವುದನ್ನು ಹೊಸಬರಲ್ಲಿ ಕಂಡಾಗ ನನಗೆ ಕಳವಳವಾಗುತ್ತದೆ.

ಮಳೆಗಾಲದಲ್ಲಿ ಚಿಕ್ಕಮಗಳೂರಿನ ಕಡೆಯ ಕಾಫಿ ತೋಟಗಳ ನಡುವೆ ಸವಾರಿ ಮಾಡುವ ಅವಕಾಶ ಒದಗಿದಾಗ ಪ್ಯಾಡು ನೀರು ಕುಡಿದು ಭಾರವಾಯಿತು, ನಿಂತಲ್ಲೆಲ್ಲ ಇಂಬಳಗಳು ಹತ್ತಿ ಅದರ ಕೆಳಂಚಿನೊಳಗೆ ನುಸುಳಿದವು. ಅಲ್ಲಿ ಪ್ರತಿ ನಿಲುಗಡೆಯಲ್ಲೂ ಅಂಚನ್ನು ಮಡಿಸಿ ನೋಡಿಕೊಳ್ಳಬೇಕು. ಒದ್ದೆ ಪ್ಯಾಡನ್ನು ರಾತ್ರಿ ಚೀಲದಲ್ಲಿ ಕಟ್ಟಿಟ್ಟರೆ ಮರುದಿನ ನಾತ ತಡೆಯಲಾಗುವುದಿಲ್ಲ. ಒಳಗಿನ ತುಂಡನ್ನು ತೆಗೆಯುವಂತಿದ್ದರೆ ತೆಗೆದು, ವೆಲ್ಕ್ರೋ ಮುಚ್ಚಿ, ತಣ್ಣೀರಿನಲ್ಲಿ ಕೈಯಿಂದ ಒಗೆದು, ನೆರಳಿನಲ್ಲಿ ಒಣಗಿಸುವುದು ಯಾವ ಕಾಲಕ್ಕೂ ಸರಿಯಾದ ಕ್ರಮ. ಬಿಸಿಲು ಎಲಾಸ್ಟಿಕ್ಕನ್ನು ತಿನ್ನುತ್ತದೆ.

ಮೊದಲ ಜೊತೆಯ ಮೇಲಂಚಿನ ಎಲಾಸ್ಟಿಕ್ ಈಗ ಸಡಿಲವಾಗಿದೆ. ಎರಡನೆಯ ಜೊತೆ ಕೊಳ್ಳುವಾಗ ಹಳೆಯ ಸೈಜನ್ನೇ ತರಿಸದೆ ಮತ್ತೆ ಟೇಪು ಹಿಡಿದೆ. ಸವಾರಿಯಿಂದ ತೊಡೆ ಬಲಿತು ಅಳತೆ ಬದಲಾಗಿತ್ತು. ಈ ಸಲ ಎರಡನೆಯ ಮಟ್ಟದ್ದನ್ನು, ಹಿಂಭಾಗ ಜಾಲರಿಯಿರುವುದನ್ನು ತಂದಿದ್ದೇನೆ. ತೆಳುವಾದದ್ದನ್ನು ತೊಟ್ಟು ಪಳಗಿದ ಕಾಲಿಗೆ ಅದರ ದಪ್ಪ ಭಾರವೆನಿಸಲಿಲ್ಲ. ಹಳೆಯದನ್ನು ಗುಂಪಿಗೆ ಹೊಸದಾಗಿ ಸೇರಿದವರೊಬ್ಬರು ಕೇಳಿದರು. ಸಡಿಲವಾದ ಪ್ಯಾಡು ಬಿದ್ದಾಗ ಜಾರಿಬಿಡುತ್ತದೆ ಎಂದು ವಿವರಿಸಿ, ಕೊಡದೆ, ಟೇಪು ತೆಗೆದು ಅವರ ತೊಡೆ ಮತ್ತು ಮೀನಖಂಡದ ಅಳತೆಯನ್ನು ಬರೆದುಕೊಟ್ಟೆ.